ಅಫಿಲಿಯೇಟ್ ಆಫರ್‌ಗೆ ಕ್ಲಿಕ್ ಜಾಹೀರಾತು: ಕೈ ಸುಟ್ಟುಕೊಳ್ಳದೆ ನಡೆಸುವ ಕ್ರಮ

ಗೂಗಲ್‌ನಲ್ಲಿ ಜಾಹೀರಾತು ಹಾಕಿ ಅಫಿಲಿಯೇಟ್ ಕಮಿಷನ್ (ನಿಮ್ಮ ಲಿಂಕ್ ಮೂಲಕ ಬೇರೆ ಕಂಪನಿಯ ವಸ್ತು ಮಾರಾಟವಾದಾಗ ಸಿಗುವ ಪಾಲು) ಗಳಿಸಲು ಹೊರಟವರು ಎಡವುವುದು ಸಾಮಾನ್ಯವಾಗಿ ಒಂದೇ ಜಾಗದಲ್ಲಿ. ಕಂಪನಿಯೊಂದರಿಂದ ಇಂಥ ಕಮಿಷನ್‌ನ ಆಫರ್ ಸಿಕ್ಕ ಸಂಜೆಯೇ ಜಾಹೀರಾತು ಬರೆದು, ಕಾರ್ಡ್ ಜೋಡಿಸಿ, ದಿನಕ್ಕೆ ₹500 ಎಂದು ಹಾಕಿ ಮಲಗುತ್ತಾರೆ. ವಾರ ಕಳೆಯುವಷ್ಟರಲ್ಲಿ ₹4,000 ಖರ್ಚಾಗಿರುತ್ತದೆ, ಎರಡು ಮಾರಾಟ ಆಗಿರುತ್ತದೆ. ಆ ಎರಡು ಯಾವ ಕೀವರ್ಡ್‌ನಿಂದ (ಜನ ಹುಡುಕುವ, ನೀವು ಜಾಹೀರಾತಿಗೆ ಆರಿಸಿದ ಪದ) ಬಂದವು ಎಂದು ಕೇಳಿದರೆ ಉತ್ತರವಿಲ್ಲ. ಜಾಹೀರಾತು ಬರೆಯುವುದು ಈ ಕೆಲಸದ ಏಳನೇ ಹಂತ. ಲಾಭವೋ ನಷ್ಟವೋ ಎಂಬುದು ಬಹುಪಾಲು ಅದಕ್ಕಿಂತ ಮೊದಲಿನ ಆರು ಹಂತಗಳಲ್ಲೇ ತೀರ್ಮಾನವಾಗಿರುತ್ತದೆ.

ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ: ಬೆಂಗಳೂರಿನ ಮನೆಗಳಿಗೆ ವಾಟರ್ ಪ್ಯೂರಿಫೈಯರ್. ಇಲ್ಲಿ ಒಂದು ಬಡಾವಣೆಗೆ ಕಾವೇರಿ, ಪಕ್ಕದ್ದಕ್ಕೆ ಬೋರ್‌ವೆಲ್, ಅದರಾಚೆಗೆ ಟ್ಯಾಂಕರ್. ಜನ ನಿಜವಾದ ಗೊಂದಲ ಇಟ್ಟುಕೊಂಡೇ ಹುಡುಕುತ್ತಾರೆ. ಗೊಂದಲ ಇರುವ ಕಡೆ ಉಪಯುಕ್ತ ಪುಟಕ್ಕೆ ಬೆಲೆ ಇರುತ್ತದೆ.

## ಮೊದಲೇ ಕೈಯಲ್ಲಿರಬೇಕಾದದ್ದು

ಸ್ವಂತ ಡೊಮೈನ್ ಮತ್ತು ವೇಗದ ಹೋಸ್ಟಿಂಗ್, ಒಪ್ಪಿಗೆ ಸಿಕ್ಕ ಅಫಿಲಿಯೇಟ್ ಅಕೌಂಟ್, ಗೂಗಲ್ ಆ್ಯಡ್ಸ್ ಅಕೌಂಟ್, ಒಂದು ಸ್ಪ್ರೆಡ್‌ಶೀಟ್. ಆ್ಯಡ್ಸ್ ಅಕೌಂಟ್ ತೆರೆಯುವಾಗ ಮೊದಲ ಕ್ಯಾಂಪೇನ್ (ಒಂದೇ ಬಜೆಟ್‌ನಡಿ ನಡೆಯುವ ಜಾಹೀರಾತುಗಳ ಗುಂಪು) ಈಗಲೇ ಮಾಡಿ ಎಂದು ಪರದೆ ಒತ್ತಾಯಿಸುತ್ತದೆ. ಅದನ್ನು ಬಿಟ್ಟು ಅಕೌಂಟ್ ಮಾತ್ರ ತೆರೆಯಿರಿ. ಕರೆನ್ಸಿ ರೂಪಾಯಿ ಇರಲಿ, ಅದನ್ನು ಮುಂದೆ ಬದಲಿಸಲಾಗದು. ಜಾಹೀರಾತುದಾರರ ಗುರುತಿನ ಪರಿಶೀಲನೆಗೆ ಕೇಳಿದಾಗ ಪ್ಯಾನ್‌ನಲ್ಲಿರುವ ಹೆಸರನ್ನೇ ಕೊಡಿ.

ಹಣದ ವಿಷಯ ಎಲ್ಲಕ್ಕಿಂತ ಮುಖ್ಯ. ಗೂಗಲ್ ಬೇಗನೆ ಹಣ ಕಡಿತ ಮಾಡುತ್ತದೆ. ಕಮಿಷನ್ ಮಾತ್ರ ರಿಟರ್ನ್ ಅವಧಿ ಮುಗಿದು, ಮಾರಾಟ ಖಚಿತವಾಗಿ, ಪಾವತಿಯ ಸರದಿ ಬಂದಾಗ ಸಿಗುತ್ತದೆ. ಇದಕ್ಕೆ ಎರಡು ಮೂರು ತಿಂಗಳು ಹಿಡಿಯಬಹುದು. ದಿನಕ್ಕೆ ₹300ರಂತೆ 90 ದಿನಕ್ಕೆ ₹27,000, ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿ ₹31,860. ಇಷ್ಟು ಹಣ ಸಿಕ್ಕಿಹಾಕಿಕೊಂಡರೂ ಮನೆ ಬಾಡಿಗೆ, ಇಎಂಐ ನಿಲ್ಲದೆ ನಡೆಯಬೇಕು. ಕ್ರೆಡಿಟ್ ಕಾರ್ಡ್ ಬಾಕಿ ಉಳಿಸಿಕೊಂಡು ಈ ಕೆಲಸಕ್ಕೆ ಇಳಿಯಲೇಬೇಡಿ. ಕಾರ್ಡಿನ ಬಡ್ಡಿಯನ್ನು ಮೀರಿಸುವ ಲಾಭ ಮೊದಲ ತಿಂಗಳುಗಳಲ್ಲಿ ಬರುವುದು ಬಹಳ ಕಷ್ಟ.

## ಹಂತ 1: ಆಫರ್‌ನ ನಿಯಮವನ್ನು ಸಾಲು ಸಾಲಾಗಿ ಓದಿ

ಕಮಿಷನ್ ಎಷ್ಟು ಎಂದು ನೋಡುವ ಮೊದಲು ಸರ್ಚ್ ಜಾಹೀರಾತಿಗೆ ಅನುಮತಿ ಇದೆಯೇ ನೋಡಿ. ಕೆಲವು ಕಂಪನಿಗಳು ಪೂರ್ತಿ ಬೇಡ ಎನ್ನುತ್ತವೆ. ಹಲವು ಕಂಪನಿಗಳು ತಮ್ಮ ಬ್ರ್ಯಾಂಡ್ ಹೆಸರಿನ ಮೇಲೆ ಬಿಡ್ ಮಾಡುವುದನ್ನು (ಆ ಪದಕ್ಕೆ ಜಾಹೀರಾತು ತೋರಿಸಲು ಬೆಲೆ ಕೂಗುವುದನ್ನು) ಮಾತ್ರ ತಡೆಯುತ್ತವೆ. ಅಮೆಜಾನ್‌ನ ಅಫಿಲಿಯೇಟ್ ಕಾರ್ಯಕ್ರಮವಾದ ಅಸೋಸಿಯೇಟ್ಸ್‌ನಲ್ಲಿ ಎರಡು ನಿರ್ಬಂಧಗಳಿವೆ: ಅಮೆಜಾನ್ ಹೆಸರಿನ ಕೀವರ್ಡ್ ಖರೀದಿಸುವಂತಿಲ್ಲ, ಸರ್ಚ್ ಜಾಹೀರಾತಿನಿಂದ ನೇರವಾಗಿ ಅಮೆಜಾನ್‌ಗೆ ಕಳುಹಿಸುವಂತಿಲ್ಲ. ನಿಯಮ ಮೀರಿದ್ದು ಗೊತ್ತಾದರೆ ಆ ಮಾರಾಟದ ಜೊತೆಗೆ ಜಮೆಯಾಗಿದ್ದ ಹಳೆಯ ಕಮಿಷನ್ ಸಹ ಹೋಗಬಹುದು.

ಆಮೇಲೆ ಕುಕೀ ಅವಧಿ, ಅಂದರೆ ನಿಮ್ಮ ಲಿಂಕ್ ಒತ್ತಿದವರು ಎಷ್ಟು ಸಮಯದೊಳಗೆ ಕೊಂಡರೆ ಕಮಿಷನ್ ನಿಮಗೆ ಸಿಗುತ್ತದೆ ಎಂಬುದು. ಅಮೆಜಾನ್‌ನಲ್ಲಿ ಅದು 24 ಗಂಟೆ. ₹12,000ದ ಪ್ಯೂರಿಫೈಯರ್ ಅನ್ನು ಯಾರೂ ಮಂಗಳವಾರ ಮಧ್ಯಾಹ್ನ ನೋಡಿ ಸಂಜೆಗೆ ಕೊಳ್ಳುವುದಿಲ್ಲ. ಮನೆಯಲ್ಲಿ ಮಾತಾಡಿ, ಪಕ್ಕದ ಫ್ಲ್ಯಾಟಿನವರನ್ನು ಕೇಳಿ, ಭಾನುವಾರ ಆರ್ಡರ್ ಮಾಡುತ್ತಾರೆ. ಅಷ್ಟರಲ್ಲಿ ಕುಕೀ ಸತ್ತಿರುತ್ತದೆ. ದುಬಾರಿ ವಸ್ತುವಿಗೆ 15ರಿಂದ 30 ದಿನದ ಕುಕೀ ಇರುವ ಆಫರ್ ಹುಡುಕಿ, ಕಮಿಷನ್ ಸ್ವಲ್ಪ ಕಡಿಮೆ ಇದ್ದರೂ ಸರಿ.

ಸಾಲ, ಕ್ರೆಡಿಟ್ ಕಾರ್ಡ್, ವಿಮೆಯ ಆಫರ್‌ಗಳ ಕಮಿಷನ್ ಆಸೆ ಹುಟ್ಟಿಸುತ್ತದೆ. ಆದರೆ ಭಾರತದಲ್ಲಿ ಹಣಕಾಸು ಸೇವೆಯ ಜಾಹೀರಾತಿಗೆ ಗೂಗಲ್ ಪ್ರತ್ಯೇಕ ಪರಿಶೀಲನೆ ಕೇಳುತ್ತದೆ. ಹೊಸಬರು ಅಲ್ಲಿಂದ ಶುರು ಮಾಡಬೇಡಿ.

## ಹಂತ 2: ಒಂದು ಕ್ಲಿಕ್‌ಗೆ ಎಷ್ಟು ಕೊಡಬಹುದು?

ಈ ಸಂಖ್ಯೆ ಗೊತ್ತಿಲ್ಲದೆ ಮುಂದೆ ಹೋಗಬಾರದು. ಲೆಕ್ಕ ಹೀಗೆ.

ಪ್ಯೂರಿಫೈಯರ್ ಬೆಲೆ ₹12,000, ಕಮಿಷನ್ ಶೇ 5 ಎಂದಿಟ್ಟುಕೊಳ್ಳಿ. ಒಂದು ಮಾರಾಟಕ್ಕೆ ₹600. ಜಾಹೀರಾತಿನಿಂದ ನಿಮ್ಮ ಪುಟಕ್ಕೆ 200 ಕ್ಲಿಕ್ ಬಂದವು. ಅವರಲ್ಲಿ 90 ಜನ ನಿಮ್ಮ ಬಟನ್ ಒತ್ತಿ ಅಂಗಡಿಯ ಸೈಟಿಗೆ ಹೋದರು. 4 ಜನ ಕೊಂಡರು. ಒಂದು ರದ್ದಾಯಿತು ಅಥವಾ ವಾಪಸ್ ಹೋಯಿತು. ಕೈಗೆ ಬಂದದ್ದು 3 ಮಾರಾಟ, ₹1,800. ಅದನ್ನು 200ರಿಂದ ಭಾಗಿಸಿದರೆ ಕ್ಲಿಕ್ಕಿಗೆ ₹9.

₹9 ಎಂದ ಕೂಡಲೇ ₹9ರ ಬಿಡ್ ಹಾಕುವುದು ದೊಡ್ಡ ತಪ್ಪು. ಗೂಗಲ್ ಬಿಲ್ಲಿನ ಮೇಲೆ ಶೇ 18 ಜಿಎಸ್‌ಟಿ ಬೀಳುತ್ತದೆ. ಜಿಎಸ್‌ಟಿ ನೋಂದಣಿ ಇರುವವರು ಅಕೌಂಟ್‌ನಲ್ಲಿ ತಮ್ಮ ಸಂಖ್ಯೆ ನಮೂದಿಸಿ ಇನ್‌ಪುಟ್ ಕ್ರೆಡಿಟ್ (ಕೊಟ್ಟ ಜಿಎಸ್‌ಟಿಯನ್ನು ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವುದು) ಪಡೆಯಬಹುದು. ನೋಂದಣಿ ಇಲ್ಲದವರಿಗೆ ಅದು ಪೂರ್ತಿ ಖರ್ಚು. 9ನ್ನು 1.18ರಿಂದ ಭಾಗಿಸಿ: ₹7.63. ಇದು ಲಾಭವೂ ಇಲ್ಲದ ನಷ್ಟವೂ ಇಲ್ಲದ ಗೆರೆ. ಇದರ ಶೇ 70, ಅಂದರೆ ಸುಮಾರು ₹5.30, ನಿಮ್ಮ ಗರಿಷ್ಠ ಬಿಡ್. ಉಳಿದ ಶೇ 30 ನಿಮ್ಮ ಲಾಭ, ಜೊತೆಗೆ ಅಂದಾಜು ತಪ್ಪಿದಾಗಿನ ರಕ್ಷಣೆ.

ಕಮಿಷನ್ ಕೊಡುವಾಗ ಟಿಡಿಎಸ್ (ಮೂಲದಲ್ಲೇ ತೆರಿಗೆ) ಕಡಿತವೂ ಇರುತ್ತದೆ. ಕಮಿಷನ್ ಮೇಲಿನ ಈ ದರ 2024ರ ಅಕ್ಟೋಬರ್ 1ರಿಂದ ಶೇ 5ರಿಂದ ಶೇ 2ಕ್ಕೆ ಇಳಿದಿದೆ. ರಿಟರ್ನ್ಸ್ ಸಲ್ಲಿಸುವಾಗ ಅದು ನಿಮ್ಮ ತೆರಿಗೆಗೆ ಜಮೆಯಾಗುತ್ತದೆ, ಹಾಗಾಗಿ ಖರ್ಚಲ್ಲ. ಆದರೆ ಆ ತಿಂಗಳು ಕೈಗೆ ಬರುವ ಮೊತ್ತ ಅಷ್ಟು ಕಡಿಮೆ.

ಈಗ ಆ್ಯಡ್ಸ್ ಒಳಗಿನ ಕೀವರ್ಡ್ ಪ್ಲ್ಯಾನರ್ ತೆರೆಯಿರಿ, ಒಂದು ಪದಕ್ಕೆ ಕ್ಲಿಕ್ಕಿನ ಅಂದಾಜು ಬೆಲೆ ಅಲ್ಲಿ ಕಾಣುತ್ತದೆ. ವಾಟರ್ ಪ್ಯೂರಿಫೈಯರ್ ಎಂಬ ಬರಿಯ ಪದಕ್ಕೆ ಬೆಂಗಳೂರಿನಲ್ಲಿ ₹18 ತೋರಿಸುತ್ತಿದೆ ಎನ್ನಿ. ನಿಮ್ಮ ಗೆರೆ ₹7.63. ಆ ಪದ ನಿಮ್ಮದಲ್ಲ, ಬಿಟ್ಟುಬಿಡಿ. ತಯಾರಕರು ತಮ್ಮ ಪೂರ್ತಿ ಮಾರ್ಜಿನ್ ಇಟ್ಟುಕೊಂಡು ಬಿಡ್ ಮಾಡುತ್ತಾರೆ, ನಿಮ್ಮ ಬಳಿ ಇರುವುದು ಅದರ ಒಂದು ತುಂಡು. ನಿಮ್ಮ ಜಾಗ ಅವರು ಗಮನಿಸದ ಉದ್ದನೆಯ, ನಿರ್ದಿಷ್ಟ ಪ್ರಶ್ನೆಗಳಲ್ಲಿ ಇದೆ.

## ಹಂತ 3: ಟ್ರ್ಯಾಕಿಂಗ್, ಜಾಹೀರಾತಿಗಿಂತ ಮೊದಲು

ಮಾರಾಟ ಆಗುವುದು ಬೇರೆಯವರ ಸೈಟಿನಲ್ಲಿ. ಅಲ್ಲಿ ನಿಮ್ಮ ಕೋಡ್ ಹಾಕಲು ಆಗುವುದಿಲ್ಲ. ಹಾಗಾಗಿ ಪ್ರತಿ ಕ್ಲಿಕ್ಕಿಗೂ ಒಂದು ಗುರುತು ಕಟ್ಟಿ ಕಳುಹಿಸಬೇಕು.

ಆ್ಯಡ್ಸ್‌ನಲ್ಲಿ ಆಟೊ ಟ್ಯಾಗಿಂಗ್ ಆನ್ ಮಾಡಿದರೆ ಪ್ರತಿ ಕ್ಲಿಕ್ಕಿನ ವಿಳಾಸದ ಕೊನೆಗೆ ಜಿಸಿಎಲ್‌ಐಡಿ ಎಂಬ ಉದ್ದನೆಯ ಗುರುತು ಅಂಟಿಕೊಳ್ಳುತ್ತದೆ. ನಿಮ್ಮ ಪುಟ ಅದನ್ನು ಹಿಡಿದು, ಅಫಿಲಿಯೇಟ್ ಲಿಂಕ್‌ನ ಸಬ್-ಐಡಿ ಜಾಗದಲ್ಲಿ (ನಿಮ್ಮ ಸ್ವಂತ ಗುರುತು ಸೇರಿಸಲು ಬಿಟ್ಟಿರುವ ಜಾಗ) ಇಟ್ಟು ಮುಂದೆ ಕಳುಹಿಸಬೇಕು. ಮಾರಾಟ ಆದಾಗ ಅಫಿಲಿಯೇಟ್ ನೆಟ್‌ವರ್ಕ್‌ನ (ಕಂಪನಿಗೂ ನಿಮಗೂ ನಡುವೆ ನಿಂತು ಮಾರಾಟ ಎಣಿಸುವ ಸಂಸ್ಥೆ) ವರದಿಯಲ್ಲಿ ಅದೇ ಗುರುತು ಮರಳಿ ಬರುತ್ತದೆ. ಅದನ್ನು ಮಾರಾಟದ ಸಮಯ ಮತ್ತು ಕಮಿಷನ್ ಮೊತ್ತದ ಜೊತೆ ಆ್ಯಡ್ಸ್‌ಗೆ ಆಫ್‌ಲೈನ್ ಕನ್ವರ್ಷನ್ (ಬೇರೆಡೆ ನಡೆದ ಮಾರಾಟದ ದಾಖಲೆ) ಆಗಿ ಅಪ್‌ಲೋಡ್ ಮಾಡಿದರೆ, ಯಾವ ಕೀವರ್ಡ್ ಹಣ ತಂದಿತು ಎಂದು ತಿಳಿಯುತ್ತದೆ. ಕ್ಲಿಕ್ ಆಗಿ 90 ದಿನ ಮೀರಿದ್ದನ್ನು ಗೂಗಲ್ ಸ್ವೀಕರಿಸುವುದಿಲ್ಲ. ವಾರಕ್ಕೊಮ್ಮೆ ಅಪ್‌ಲೋಡ್ ಮಾಡುವ ಅಭ್ಯಾಸ ಇರಲಿ.

ಇಲ್ಲಿ ಹೆಚ್ಚು ಕಾಡುವ ತೊಂದರೆ ಒಂದಿದೆ. ಜಿಸಿಎಲ್‌ಐಡಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರದ ವ್ಯತ್ಯಾಸ ಮುಖ್ಯ. ನೆಟ್‌ವರ್ಕ್ ಎಲ್ಲವನ್ನೂ ಚಿಕ್ಕಕ್ಷರ ಮಾಡಿದರೆ, ಅಥವಾ ಉದ್ದವಾಯಿತೆಂದು ತುದಿ ಕತ್ತರಿಸಿದರೆ, ಅಪ್‌ಲೋಡ್ ಮಾಡುವಾಗ ಹೊಂದಾಣಿಕೆ ಆಗುವುದಿಲ್ಲ. ಇದಕ್ಕೆ ಮದ್ದು ಸರಳ: ನಿಮ್ಮ ಪುಟವೇ ಪ್ರತಿ ಕ್ಲಿಕ್ಕಿಗೆ 100451, 100452 ಎಂಬಂತೆ ಒಂದು ಪುಟ್ಟ ಸಂಖ್ಯೆ ಕೊಡಲಿ, ಸಬ್-ಐಡಿಗೆ ಆ ಸಂಖ್ಯೆ ಹೋಗಲಿ, ಯಾವ ಸಂಖ್ಯೆಗೆ ಯಾವ ಜಿಸಿಎಲ್‌ಐಡಿ ಎಂಬುದು ನಿಮ್ಮ ಶೀಟ್‌ನಲ್ಲಿ ಉಳಿಯಲಿ.

ಬಟನ್ ಒತ್ತಿದ್ದನ್ನು ಪ್ರತ್ಯೇಕ ಕನ್ವರ್ಷನ್ ಆಗಿ ಎಣಿಸಿ, ಆದರೆ ಎರಡನೇ ದರ್ಜೆಯದಾಗಿ. ಅದನ್ನೇ ಮುಖ್ಯ ಕನ್ವರ್ಷನ್ ಮಾಡಿದರೆ ಗೂಗಲ್ ಬಟನ್ ಒತ್ತುವವರನ್ನು ಹುಡುಕಿ ಕೊಡುತ್ತದೆ, ಕೊಳ್ಳುವವರನ್ನಲ್ಲ.

## ಹಂತ 4: ಪುಟ ಕಟ್ಟುವುದು

ನಾಲ್ಕು ಸಾಲು ಬರೆದು ಕೆಳಗೆ ದೊಡ್ಡ ಬಟನ್ ಇಟ್ಟ ಪುಟವನ್ನು ಗೂಗಲ್ ಸ್ವಂತ ವಿಷಯವಿಲ್ಲದ ಪುಟ ಎಂದು ತಿರಸ್ಕರಿಸುತ್ತದೆ. ಜನರಿಗೆ ಒಂದು ಪುಟ, ಪರಿಶೀಲಕರಿಗೆ ಇನ್ನೊಂದು ತೋರಿಸುವ ಕಳ್ಳದಾರಿ ಹಿಡಿದರೆ ಅಕೌಂಟೇ ಅಮಾನತಾಗುತ್ತದೆ, ಆಮೇಲೆ ಬೇರೆ ಹೆಸರಲ್ಲಿ ತೆರೆದದ್ದೂ ಉಳಿಯುವುದಿಲ್ಲ.

ಪುಟ ಪ್ರಶ್ನೆಗೆ ಉತ್ತರ ಕೊಡಬೇಕು. ನಮ್ಮ ಉದಾಹರಣೆಯಲ್ಲಿ ಮೊದಲ ಪರದೆಯಲ್ಲೇ ಬರಬೇಕಾದ ಮಾತು: ಮೊದಲು ನಿಮ್ಮ ನಲ್ಲಿ ನೀರಿನ ಟಿಡಿಎಸ್ ಅಳೆಯಿರಿ. (ಇದು ನೀರಿನಲ್ಲಿ ಕರಗಿದ ಲವಣಗಳ ಅಳತೆ, ಮೇಲೆ ಹೇಳಿದ ತೆರಿಗೆಯದ್ದಲ್ಲ.) ಪೆನ್ನಿನಷ್ಟು ಉದ್ದದ ಮೀಟರ್ ಅನ್ನು ಲೋಟದ ನೀರಿನಲ್ಲಿ ಅದ್ದಿ ಸಂಖ್ಯೆ ಓದುತ್ತಿರುವ ಚಿತ್ರವನ್ನು ನೀವೇ ತೆಗೆದು ಹಾಕಿ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಟಿಡಿಎಸ್‌ನ ಸ್ವೀಕಾರಾರ್ಹ ಮಿತಿ ಲೀಟರಿಗೆ 500 ಮಿಲಿಗ್ರಾಂ. ಅದಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ (ಕರಗಿದ ಲವಣವನ್ನೂ ಸೋಸುವ ಯಂತ್ರ) ಬಳಕೆ ತಡೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಕೇಂದ್ರದ ಪರಿಸರ ಸಚಿವಾಲಯಕ್ಕೆ ಸೂಚಿಸಿತ್ತು. ಅಂದರೆ ಟಿಡಿಎಸ್ ಇದಕ್ಕಿಂತ ಕಡಿಮೆ ಇದ್ದರೆ, ಬರೀ ಕಾವೇರಿ ನೀರು ಬರುವ ಮನೆಗೆ ದುಬಾರಿ ಆರ್‌ಒ ಬೇಕಾಗದೆ ಇರಬಹುದು, ಸೂಕ್ಷ್ಮಾಣುಗಳನ್ನು ಕೊಲ್ಲುವ ಯುವಿ ಸಾಕಾಗಬಹುದು. ಇದನ್ನು ಪುಟದಲ್ಲಿ ನೇರವಾಗಿ ಬರೆಯಿರಿ. ಕಮಿಷನ್ ಕಡಿಮೆಯಾಗುತ್ತದೆಂದು ಮುಚ್ಚಿಟ್ಟರೆ ರಿಟರ್ನ್ ಹೆಚ್ಚುತ್ತದೆ, ಎರಡನೇ ಹಂತದ ಲೆಕ್ಕ ಕುಸಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಓದುವವರು ತಮ್ಮ ದುಡ್ಡು ಕೊಟ್ಟು ಕೊಳ್ಳುವವರು.

2024ರ ಅಕ್ಟೋಬರ್‌ನಲ್ಲಿ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆಯಾದ ಮೇಲೆ ನಗರಕ್ಕೆ ಸೇರಿದ 110 ಹಳ್ಳಿಗಳ ಕಡೆ ನೀರಿನ ಮೂಲ ಬದಲಾಗುತ್ತಿದೆ. ಹಳೆಯ ಮಾಹಿತಿ ಇಟ್ಟುಕೊಂಡ ಪುಟಗಳಿಗಿಂತ ನೀವು ಮುಂದಿರಲು ಇದು ಒಳ್ಳೆಯ ಅವಕಾಶ.

ಬಟನ್ ಹತ್ತಿರವೇ, ಎದ್ದು ಕಾಣುವಂತೆ ಒಂದು ಸಾಲು: ಈ ಲಿಂಕ್ ಮೂಲಕ ಕೊಂಡರೆ ನಮಗೆ ಕಮಿಷನ್ ಸಿಗುತ್ತದೆ. ಇಂಥ ಸಂಬಂಧವನ್ನು ಬಹಿರಂಗಪಡಿಸಬೇಕೆಂದು ದಾರಿತಪ್ಪಿಸುವ ಜಾಹೀರಾತು ತಡೆಯ 2022ರ ಮಾರ್ಗಸೂಚಿ ಹೇಳುತ್ತದೆ. ಬೆಲೆ ಬರೆದರೆ ಯಾವ ದಿನಾಂಕದ್ದು ಎಂದೂ ಬರೆಯಿರಿ.

ಕೊನೆಯದಾಗಿ, ಪುಟವನ್ನು ಮನೆಯ ವೈಫೈಯಲ್ಲಿ ಪರೀಕ್ಷಿಸಬೇಡಿ. ಮೆಟ್ರೊದಲ್ಲಿ ನಿಂತು ಸಾಧಾರಣ ಫೋನಿನ ಮೊಬೈಲ್ ಡೇಟಾದಲ್ಲಿ ತೆರೆದು ನೋಡಿ. ಮೂರು ಸೆಕೆಂಡ್ ದಾಟಿದರೆ ಚಿತ್ರಗಳನ್ನು ಹಗುರ ಮಾಡಿ.

## ಹಂತ 5: ಕೀವರ್ಡ್

ಬೆಂಗಳೂರಿನ ಕನ್ನಡಿಗರು ಒಂದೇ ಪ್ರಶ್ನೆಯನ್ನು ಮೂರು ವೇಷದಲ್ಲಿ ಟೈಪ್ ಮಾಡುತ್ತಾರೆ: ಇಂಗ್ಲಿಷ್‌ನಲ್ಲಿ, ಕನ್ನಡ ಲಿಪಿಯಲ್ಲಿ, ಮತ್ತು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡದಲ್ಲಿ. ಬೋರ್‌ವೆಲ್ ನೀರಿಗೆ ಯಾವ ಫಿಲ್ಟರ್ ಒಳ್ಳೇದು ಎಂಬುದಕ್ಕೆ ಮೂರು ರೂಪವನ್ನೂ ಕೀವರ್ಡ್ ಆಗಿ ಸೇರಿಸಿ. ಗೂಗಲ್ ಮೂರನ್ನೂ ತಾನಾಗಿಯೇ ಒಂದು ಮಾಡಿಕೊಳ್ಳುತ್ತದೆಂದು ನಂಬಬೇಡಿ. ಮೂರನೇ ರೂಪದಲ್ಲಿ ಕಾಗುಣಿತ ಹೇಗೆ ಬೇಕಾದರೂ ಇರುತ್ತದೆ, ನಾಲ್ಕೈದು ಬಗೆ ಬರೆದಿಡಿ. ಹುಡುಕಾಟ ಕಡಿಮೆ, ಆದರೆ ಪೈಪೋಟಿಯೂ ಕಡಿಮೆ, ₹5.30ರ ಬಿಡ್ ಕೆಲಸ ಮಾಡುವುದು ಇಂಥಲ್ಲೇ.

ಶುರುವಿಗೆ 15ರಿಂದ 20 ಕೀವರ್ಡ್ ಸಾಕು. ಎಕ್ಸ್ಯಾಕ್ಟ್ ಮ್ಯಾಚ್ (ಅದೇ ಅರ್ಥದ ಹುಡುಕಾಟಕ್ಕೆ) ಮತ್ತು ಫ್ರೇಸ್ ಮ್ಯಾಚ್ (ಆ ಅರ್ಥ ಒಳಗೊಂಡ ಹುಡುಕಾಟಕ್ಕೆ) ಮಾತ್ರ ಬಳಸಿ. ಸಂಬಂಧಪಟ್ಟ ಯಾವುದೇ ಹುಡುಕಾಟಕ್ಕೆ ಜಾಹೀರಾತು ತೋರಿಸುವ ಬ್ರಾಡ್ ಮ್ಯಾಚ್ ಮುಟ್ಟಬೇಡಿ. ನಿಮ್ಮ ಅಕೌಂಟ್‌ನಲ್ಲಿ ಮಾರಾಟದ ದಾಖಲೆ ಇಲ್ಲದಾಗ ಅದು ಹಣವನ್ನು ಎತ್ತೆತ್ತಲೋ ಚೆಲ್ಲುತ್ತದೆ. ಒಂದು ಆ್ಯಡ್ ಗ್ರೂಪ್‌ಗೆ (ಕ್ಯಾಂಪೇನ್ ಒಳಗಿನ ಕೀವರ್ಡ್, ಜಾಹೀರಾತುಗಳ ಗುಂಪು) ಒಂದೇ ಉದ್ದೇಶ: ಬೋರ್‌ವೆಲ್ ನೀರಿನದ್ದು ಒಂದು, ಬಾಡಿಗೆ ಮನೆಗೆ ಗೋಡೆ ಕೊರೆಯದೆ ಇಡುವ ಫಿಲ್ಟರ್ ಇನ್ನೊಂದು.

ಇನ್ನು ನೆಗೆಟಿವ್ ಕೀವರ್ಡ್, ಅಂದರೆ ಯಾವ ಪದ ಹುಡುಕಿದರೆ ನಿಮ್ಮ ಜಾಹೀರಾತು ಕಾಣಬಾರದೋ ಅದು. ಪ್ಯೂರಿಫೈಯರ್ ಹುಡುಕುವವರಲ್ಲಿ ದೊಡ್ಡ ಪಾಲು ಈಗಾಗಲೇ ಕೊಂಡವರು. ಅವರಿಗೆ ಬೇಕಾದದ್ದು ಸರ್ವಿಸ್, ರಿಪೇರಿ, ಕಸ್ಟಮರ್ ಕೇರ್ ನಂಬರ್, ಕ್ಯಾಂಡಲ್, ಅಡಾಪ್ಟರ್, ಸೋರುವ ಪೈಪಿಗೆ ಪರಿಹಾರ. ಉಳಿದವರಲ್ಲಿ ಸೆಕೆಂಡ್ ಹ್ಯಾಂಡ್ ಬೇಕಾದವರು, ತಿಂಗಳ ಬಾಡಿಗೆಗೆ ಬೇಕಾದವರು, ಟೆಕ್ನಿಷಿಯನ್ ಕೆಲಸ ಹುಡುಕುವವರು, ಡೀಲರ್‌ಶಿಪ್ ಕೇಳುವವರು, 20 ಲೀಟರ್ ಕ್ಯಾನ್ ತರಿಸುವವರು ಇದ್ದಾರೆ. ಇವೆಲ್ಲವನ್ನೂ ಮೊದಲ ದಿನವೇ ನೆಗೆಟಿವ್ ಪಟ್ಟಿಗೆ ಹಾಕಿ. ನೆಗೆಟಿವ್ ಕೀವರ್ಡ್ ಸಮಾನಾರ್ಥಕ ಪದಗಳಿಗೆ ಹರಡುವುದಿಲ್ಲ. ರಿಪೇರಿ ತಡೆದರೆ ಸರ್ವಿಸ್ ನಿಲ್ಲದು, ಇಂಗ್ಲಿಷ್‌ನದ್ದು ತಡೆದರೆ ಕನ್ನಡದ್ದು ನಿಲ್ಲದು. ಪ್ರತಿಯೊಂದನ್ನೂ ಬೇರೆ ಬೇರೆ ಸೇರಿಸಬೇಕು. ಬೇಸರದ ಕೆಲಸ, ಆದರೆ ಒಂದು ಗಂಟೆಯ ಈ ಬೇಸರದಿಂದ ಉಳಿಯುವಷ್ಟು ಹಣ ಬೇರಾವ ಸೆಟ್ಟಿಂಗ್‌ನಿಂದಲೂ ಉಳಿಯುವುದಿಲ್ಲ.

## ಹಂತ 6: ಕ್ಯಾಂಪೇನ್ ಸೆಟ್ಟಿಂಗ್

ಸರ್ಚ್ ಕ್ಯಾಂಪೇನ್ ಆರಿಸಿ. ಅದರೊಳಗೆ ಸರ್ಚ್ ಪಾರ್ಟ್‌ನರ್ಸ್ ಮತ್ತು ಡಿಸ್‌ಪ್ಲೇ ನೆಟ್‌ವರ್ಕ್‌ನ (ಗೂಗಲ್ ಹುಡುಕಾಟದ ಹೊರಗೆ, ಬೇರೆ ಸೈಟ್‌ಗಳಲ್ಲಿ ತೋರಿಸುವ ಆಯ್ಕೆಗಳು) ಗುರುತು ಇದ್ದರೆ ಎರಡನ್ನೂ ತೆಗೆಯಿರಿ.

ಸ್ಥಳ ಬೆಂಗಳೂರು ಎಂದು ಹಾಕಿದ ಮಾತ್ರಕ್ಕೆ ಬೆಂಗಳೂರಿಗರಿಗೆ ಮಾತ್ರ ಕಾಣುವುದಿಲ್ಲ. ಅಲ್ಲಿರುವವರು ಅಥವಾ ಆ ಜಾಗದಲ್ಲಿ ಆಸಕ್ತಿ ತೋರಿದವರು ಎಂಬ ಆಯ್ಕೆ ಮೊದಲೇ ಕೂತಿರುತ್ತದೆ. ಸ್ಥಳದ ಆಯ್ಕೆಗಳನ್ನು ಬಿಚ್ಚಿ, ಅಲ್ಲಿ ಇರುವವರು ಎಂಬುದನ್ನು ಮಾತ್ರ ಉಳಿಸಿ. ಬೋರ್‌ವೆಲ್ ಗ್ರೂಪನ್ನು ಬೇರೆ ಕ್ಯಾಂಪೇನ್ ಮಾಡಿ ವೈಟ್‌ಫೀಲ್ಡ್, ಸರ್ಜಾಪುರ ರಸ್ತೆ ಸುತ್ತ ಕಿಲೋಮೀಟರ್ ಲೆಕ್ಕದಲ್ಲಿ ವೃತ್ತ ಹಾಕಿದರೆ ಇನ್ನೂ ಒಳ್ಳೆಯದು.

ಭಾಷೆ: ಕನ್ನಡ, ಇಂಗ್ಲಿಷ್ ಎರಡೂ. ಮನೆಯಲ್ಲಿ ಕನ್ನಡ ಮಾತಾಡುವ ಎಷ್ಟೋ ಮಂದಿಯ ಫೋನ್ ಇಂಗ್ಲಿಷ್‌ನಲ್ಲೇ ಇರುತ್ತದೆ.

ಬಿಡ್ಡಿಂಗ್‌ನಲ್ಲಿ ಮ್ಯಾಕ್ಸಿಮೈಸ್ ಕ್ಲಿಕ್ಸ್ (ಬಜೆಟ್ಟಿನೊಳಗೆ ಆದಷ್ಟು ಹೆಚ್ಚು ಕ್ಲಿಕ್) ಆರಿಸಿ, ಗರಿಷ್ಠ ಮಿತಿ ₹5.30 ಎಂದು ನಮೂದಿಸಿ. ಮಿತಿಯ ಪೆಟ್ಟಿಗೆ ಖಾಲಿ ಬಿಟ್ಟರೆ ಎರಡನೇ ಹಂತದ ಲೆಕ್ಕವೆಲ್ಲ ವ್ಯರ್ಥ. ದಿನದ ಬಜೆಟ್ ₹300 ಎಂದರೆ ಕೆಲವು ದಿನ ₹600ರವರೆಗೂ ಹೋಗಬಹುದು, ತಿಂಗಳಿಗೆ 30.4 ಪಟ್ಟು, ಅಂದರೆ ₹9,120 ದಾಟದು. ಶಿಫಾರಸುಗಳನ್ನು ತಾನಾಗಿ ಅನ್ವಯಿಸುವ ಆಯ್ಕೆಗಳನ್ನೆಲ್ಲ ಆಫ್ ಮಾಡಿ.

## ಹಂತ 7: ಜಾಹೀರಾತು ಬರೆಯುವುದು

ಗರಿಷ್ಠ 15 ಹೆಡ್‌ಲೈನ್, ಒಂದೊಂದು 30 ಅಕ್ಷರದೊಳಗೆ. ಗರಿಷ್ಠ 4 ವಿವರಣೆ, ಒಂದೊಂದು 90 ಅಕ್ಷರದೊಳಗೆ. ಕನ್ನಡದಲ್ಲಿ ಇದು ಅಂದುಕೊಂಡದ್ದಕ್ಕಿಂತ ಇಕ್ಕಟ್ಟು. ಬೋರ್‌ವೆಲ್ ನೀರಿಗೆ ಯಾವ ಫಿಲ್ಟರ್? ಎಂಬುದು ಕಣ್ಣಿಗೆ ಹನ್ನೆರಡೇ ಅಕ್ಷರ. ಆದರೆ ಗುಣಿತದ ಚಿಹ್ನೆ, ಅರ್ಧಾಕ್ಷರದ ಚಿಹ್ನೆ, ಪದಗಳ ನಡುವಿನ ಜಾಗ, ಪ್ರಶ್ನಾರ್ಥಕ, ಕಣ್ಣಿಗೆ ಕಾಣದ ಜೋಡಣೆ ತಡೆಯುವ ಗುರುತು ಎಲ್ಲ ಸೇರಿ 29 ಆಗುತ್ತದೆ. ಹೆಡ್‌ಲೈನ್‌ನಲ್ಲಿ ಆಶ್ಚರ್ಯಸೂಚಕ ಚಿಹ್ನೆ ಹಾಕಿದರೆ ತಿರಸ್ಕೃತವಾಗುತ್ತದೆ.

ಪುಟದಲ್ಲಿ ಇಲ್ಲದ್ದನ್ನು ಜಾಹೀರಾತಿನಲ್ಲಿ ಹೇಳಬೇಡಿ. ಭಾರೀ ರಿಯಾಯಿತಿ ಎಂದು ಬರೆದರೆ ಕ್ಲಿಕ್ ಹೆಚ್ಚುತ್ತದೆ, ಆದರೆ ಬರುವವರು ರಿಯಾಯಿತಿ ಹುಡುಕಿ ವಾಪಸ್ ಹೋಗುವವರು. ಬೆಲೆ ₹12,000ದ ಸುತ್ತ ಎಂದು ವಿವರಣೆಯಲ್ಲೇ ಬರೆದರೆ ₹3,000ದ ಫಿಲ್ಟರ್ ಹುಡುಕುವವರು ಕ್ಲಿಕ್ ಮಾಡುವುದೇ ಇಲ್ಲ. ಬೇಡದ ಕ್ಲಿಕ್ ತಡೆಯುವುದೂ ಜಾಹೀರಾತಿನ ಕೆಲಸ.

ಜಾಹೀರಾತು ಹೇಗೆ ಕಾಣುತ್ತದೆ ಎಂದು ನೀವೇ ಹುಡುಕಿ ಕ್ಲಿಕ್ ಮಾಡಬೇಡಿ, ಆ್ಯಡ್ಸ್ ಒಳಗಿನ ಪ್ರಿವ್ಯೂ ಸಾಧನ ಬಳಸಿ. ಸ್ವಂತ ಲಿಂಕ್‌ನಿಂದ ಕೊಂಡು ಪರೀಕ್ಷಿಸುವುದನ್ನು ಬಹುತೇಕ ಅಫಿಲಿಯೇಟ್ ಕಾರ್ಯಕ್ರಮಗಳು ಒಪ್ಪುವುದಿಲ್ಲ.

## ಹಂತ 8: ಮೊದಲ ಎರಡು ವಾರ

ಮೊದಲ ವಾರ ಪ್ರತಿದಿನ ಬೆಳಿಗ್ಗೆ ಸರ್ಚ್ ಟರ್ಮ್ಸ್ ವರದಿ ತೆರೆಯಿರಿ. ನಿಮ್ಮ ಕೀವರ್ಡ್ ಬೇರೆ, ಜನ ನಿಜವಾಗಿ ಟೈಪ್ ಮಾಡಿದ್ದು ಬೇರೆ. ಇಲ್ಲಿ ಕಾಣುವುದು ಎರಡನೆಯದು. ಹಣ ತಿಂದ, ಕೊಳ್ಳುವ ಉದ್ದೇಶವಿಲ್ಲದ ಪದಗಳನ್ನು ನೆಗೆಟಿವ್ ಮಾಡಿ. ಬಿಡ್ ಮತ್ತು ಜಾಹೀರಾತನ್ನು ಮಾತ್ರ ಮುಟ್ಟಬೇಡಿ. ದಿನಕ್ಕೊಂದು ಬದಲಾವಣೆ ಮಾಡಿದರೆ ಯಾವುದರಿಂದ ಏನಾಯಿತು ಎಂದು ಕೊನೆಗೂ ತಿಳಿಯದು.

ಕೆಲವು ಸೂಚನೆಗಳಿಂದ ರೋಗ ಎಲ್ಲಿದೆ ಎಂದು ಗೊತ್ತಾಗುತ್ತದೆ. ಆ್ಯಡ್ಸ್ 100 ಕ್ಲಿಕ್ ಎನ್ನುತ್ತದೆ, ನಿಮ್ಮ ಅನಲಿಟಿಕ್ಸ್ (ಸೈಟಿನ ಭೇಟಿ ಎಣಿಸುವ ಸಾಧನ) 60 ಭೇಟಿ ಎನ್ನುತ್ತದೆ: ಪುಟ ತೆರೆಯುವ ಮೊದಲೇ ಜನ ಹೊರಟುಹೋಗುತ್ತಿರಬಹುದು. ಪುಟಕ್ಕೆ ಬರುತ್ತಾರೆ, 100ಕ್ಕೆ 20 ಜನವೂ ಬಟನ್ ಒತ್ತುವುದಿಲ್ಲ: ಜಾಹೀರಾತು ಒಂದು ಹೇಳುತ್ತಿದೆ, ಪುಟ ಇನ್ನೊಂದು. ಬಟನ್ ಚೆನ್ನಾಗಿ ಒತ್ತುತ್ತಾರೆ, ಮಾರಾಟವಿಲ್ಲ: ಅಂಗಡಿಯಲ್ಲಿ ಸ್ಟಾಕ್ ಇದೆಯೇ, ಬೆಲೆ ಏರಿದೆಯೇ, ಆ ಪಿನ್‌ಕೋಡ್‌ಗೆ ಡೆಲಿವರಿ ಇದೆಯೇ ನೋಡಿ. ಮಾರಾಟ ದಾಖಲಾಗುತ್ತದೆ, ಆಮೇಲೆ ಸಾಲಾಗಿ ತಿರಸ್ಕೃತವಾಗುತ್ತದೆ: ತಕ್ಷಣ ಜಾಹೀರಾತು ನಿಲ್ಲಿಸಿ, ಕಾರಣವನ್ನು ನೆಟ್‌ವರ್ಕ್‌ಗೆ ಇಮೇಲ್‌ನಲ್ಲಿ ಕೇಳಿ.

ಕ್ವಾಲಿಟಿ ಸ್ಕೋರ್ (ಕೀವರ್ಡ್‌ಗೆ ನಿಮ್ಮ ಜಾಹೀರಾತು, ಪುಟ ಎಷ್ಟು ಹೊಂದುತ್ತವೆ ಎಂದು ಗೂಗಲ್ ಕೊಡುವ ಅಂಕ) 1ರಿಂದ 10ರವರೆಗೆ ಇರುತ್ತದೆ. ಸಂಖ್ಯೆಗಿಂತ ಅದರ ಮೂರು ಭಾಗಗಳನ್ನು ನೋಡಿ: ನಿರೀಕ್ಷಿತ ಕ್ಲಿಕ್ ದರ, ಜಾಹೀರಾತಿನ ಹೊಂದಾಣಿಕೆ, ಪುಟದ ಅನುಭವ. ಯಾವುದು ಸರಾಸರಿಗಿಂತ ಕೆಳಗಿದೆಯೋ ಅದನ್ನು ಮಾತ್ರ ಸರಿಪಡಿಸಿ.

## ಹಂತ 9: ಯಾವಾಗ ನಿಲ್ಲಿಸಬೇಕು, ಯಾವಾಗ ಹೆಚ್ಚಿಸಬೇಕು

ನಮ್ಮ ಅಂದಾಜಿನಲ್ಲಿ 100 ಕ್ಲಿಕ್ಕಿಗೆ 2 ಆರ್ಡರ್. 50 ಕ್ಲಿಕ್‌ಗೆ ಒಂದೂ ಬರಲಿಲ್ಲ ಎಂದು ಕೀವರ್ಡ್ ಕೊಲ್ಲುವವರಿದ್ದಾರೆ, ಅದು ಆತುರ. ದರ ನಿಜವಾಗಿಯೂ ಶೇ 2 ಇದ್ದರೂ 50 ಕ್ಲಿಕ್ ಖಾಲಿ ಹೋಗುವ ಸಾಧ್ಯತೆ ಶೇ 36. 150 ಕ್ಲಿಕ್ ಖಾಲಿ ಹೋಗುವ ಸಾಧ್ಯತೆ ಶೇ 5ರ ಒಳಗೆ. ಹಾಗಾಗಿ ಗೆರೆ 150. ಅಷ್ಟಾದರೂ ಒಂದೂ ಆರ್ಡರ್ ಇಲ್ಲದಿದ್ದರೆ ಆ ಕೀವರ್ಡ್ ನಿಲ್ಲಿಸಿ. ₹5.30ರಂತೆ ಇದರ ವೆಚ್ಚ ₹795, ಜಿಎಸ್‌ಟಿ ಸೇರಿ ₹938. ಇಪ್ಪತ್ತು ಕೀವರ್ಡ್ ಇದ್ದರೆ ಪ್ರತಿಯೊಂದನ್ನೂ ಹೀಗೆ ಪರೀಕ್ಷಿಸಲು ಹಣ ಸಾಲದು. ಒಂದೇ ಉದ್ದೇಶದ ಕೀವರ್ಡ್‌ಗಳನ್ನು ಒಟ್ಟುಗೂಡಿಸಿ, ಆ್ಯಡ್ ಗ್ರೂಪ್ ಮಟ್ಟದಲ್ಲಿ ಈ ಲೆಕ್ಕ ಮಾಡಿ.

ಹೆಚ್ಚಿಸುವ ನಿರ್ಧಾರವನ್ನು ಬಾಕಿ ಇರುವ ಕಮಿಷನ್ ನೋಡಿ ಮಾಡಬೇಡಿ, ಖಚಿತವಾದದ್ದನ್ನು ಮಾತ್ರ ಎಣಿಸಿ. ಮೊದಲ 20 ಮಾರಾಟದಲ್ಲಿ ಎಷ್ಟು ಖಚಿತವಾದವು ಎಂಬುದನ್ನು ಎರಡನೇ ಹಂತದ ಲೆಕ್ಕಕ್ಕೆ ಹಾಕಿ ಹೊಸ ಬಿಡ್ ತೆಗೆಯಿರಿ. ನಾಲ್ಕರಲ್ಲಿ ಮೂರು ಎಂದಿಟ್ಟುಕೊಂಡಿದ್ದೆವು. ನಿಜದಲ್ಲಿ ಎರಡೇ ಇದ್ದರೆ ಕ್ಲಿಕ್ಕಿನ ಬೆಲೆ ₹9ರಿಂದ ₹6ಕ್ಕೆ, ಜಿಎಸ್‌ಟಿ ಕಳೆದ ಗೆರೆ ₹5.08ಕ್ಕೆ ಇಳಿಯುತ್ತದೆ. ಆಗ ₹5.30ರ ಬಿಡ್ ಪೂರ್ತಿ ಬಳಕೆಯಾದರೆ ಪ್ರತಿ ಕ್ಲಿಕ್ಕೂ ನಷ್ಟವೇ.

ಲೆಕ್ಕ ಲಾಭ ತೋರಿಸಿದರೆ ಬಜೆಟ್ ಅನ್ನು ಒಮ್ಮೆಗೆ ಶೇ 20ರಷ್ಟು ಏರಿಸಿ, ಒಂದು ವಾರ ಬಿಟ್ಟು ಮತ್ತೆ ನೋಡಿ. 30 ದಿನದಲ್ಲಿ 30 ಕನ್ವರ್ಷನ್ ಅಪ್‌ಲೋಡ್ ಆಗುವ ಮಟ್ಟಕ್ಕೆ ಬಂದ ಮೇಲೆ ಕನ್ವರ್ಷನ್ ಆಧರಿಸಿ ಗೂಗಲ್ ತಾನೇ ಬಿಡ್ ಮಾಡುವ ಸ್ಮಾರ್ಟ್ ಬಿಡ್ಡಿಂಗ್ ಪರೀಕ್ಷಿಸಬಹುದು, ಅದಕ್ಕೆ ಮೊದಲು ಬೇಡ.

ದಿನವೂ ಬೆಳಿಗ್ಗೆ, ಕಾಫಿಗೆ ಮೊದಲೋ ಆಮೇಲೋ, ನಿಮ್ಮ ಪುಟದ ಬಟನ್ ಒತ್ತಿ ಅಂಗಡಿಯ ಪುಟ ತೆರೆಯುತ್ತದೆಯೇ, ವಸ್ತು ಸ್ಟಾಕಿನಲ್ಲಿದೆಯೇ ನೋಡಿ. ಕಂಪನಿ ಆಫರ್ ನಿಲ್ಲಿಸಿದರೆ ಲಿಂಕ್ ಸತ್ತರೂ ಗೂಗಲ್‌ಗೆ ತಿಳಿಯುವುದಿಲ್ಲ, ಕ್ಲಿಕ್ಕಿನ ಹಣ ಕಡಿತವಾಗುತ್ತಲೇ ಇರುತ್ತದೆ. ನೆಟ್‌ವರ್ಕ್ ಕಳುಹಿಸುವ ಆಫರ್ ಸ್ಥಗಿತದ ಇಮೇಲ್‌ಗಳು ಪ್ರಮೋಷನ್ಸ್ ಟ್ಯಾಬ್‌ನಲ್ಲಿ ಹೂತುಹೋಗದಂತೆ ಒಂದು ಫಿಲ್ಟರ್ ಹಾಕಿ, ನೇರವಾಗಿ ಇನ್‌ಬಾಕ್ಸ್‌ಗೆ ಬರುವಂತೆ ಮಾಡಿ.